ಸೀಸೆಯಲ್ಲಿ ಉಳಿದ ಅರ್ಧ

ಯಾವ ಹುಳ ಸಿಕ್ಕರೂ ನನ್ನ ಗಂಡ ಮೊದಲು ಅದರ ಬೆನ್ನು ಸವರಿ ನೋಡುತ್ತಿದ್ದರು. ಸುರಪುರದ ಶಾಲೆಯಲ್ಲಿ ಜೀವಶಾಸ್ತ್ರದ ಮಾಸ್ತರು. ನಿಜಾಮರ ಕಾಲ, ಹಗಲೆಲ್ಲ ಉರ್ದುವಿನಲ್ಲಿ ಪಾಠ ಹೇಳಿ, ಸಂಜೆ ಅದನ್ನೇ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ನನ್ನ ಮೊರವೇ ಅವರ ಕರಿಹಲಗೆ. ಎರೆಹುಳ, ಜಿಗಣೆ ಒಂದು ಕಡೆ: ಮೈತುಂಬ ಉಂಗುರ ಇರುವಂಥವು. ಚೇಳು, ಸೀಗಡಿ ಇನ್ನೊಂದು ಕಡೆ: ಕಾಲಿಗೆ ಕೀಲು ಇರುವಂಥವು. ಶಂಖದ ಹುಳ ಬೇರೆ. "ಬೆನ್ನೆಲುಬು ಇಲ್ಲ ಅಂದಮ್ಯಾಲ ಎಲ್ಲಾ ಒಂದ ಅನಬ್ಯಾಡ. ಇವಕ್ಕೂ ಬ್ಯಾರೆ ಬ್ಯಾರೆ ಮನಿತನ ಅವ," ಎನ್ನುತ್ತಿದ್ದರು. ಅದೇ ಮೊರದಲ್ಲಿ ಜೋಳ ಕೇರಲು ನನಗೆ ಹೇಸಿಗೆ. ಅವರು ನಗುತ್ತಿದ್ದರು.

ಉಂಗುರವೂ ಕಾಲೂ ಇಲ್ಲದ ನಾರುಹುಳ ಮಾತ್ರ ಮೊರಕ್ಕೆ ಬಂದಿರಲಿಲ್ಲ. ಮೆಟ್ಟಿಲ ಬಾವಿಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ನೀರುಚಿಗಟವಿರುತ್ತದೆ, ಅದೂ ಚೇಳಿನ ಬಳಗವೇ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಆ ನೀರು ಕುಡಿದವರ ಮೈಯೊಳಗೆ ಮರಿ ಬೆಳೆದು, ವರ್ಷದ ಮೇಲೆ ಕಾಲಿನಿಂದ ಮೊಳಗಟ್ಟಲೆ ಹೊರಬರುತ್ತದೆ. ಅದಕ್ಕೇ ಅವರ ಕಿಸೆಯಲ್ಲಿ ಸದಾ ಒಂದು ಪಂಚೆಯ ತುಂಡು. ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಊರೂರಿಗೆ ಹೇಳಿ ಬರುತ್ತಿದ್ದರು.

ಒಮ್ಮೆ ದೇವಾಪುರದಲ್ಲಿ, ಊರ ಹೊರಗಿನ ಕೂಲಿಯವರ ಮನೆಯಲ್ಲಿ, ಮುದುಕಿಯೊಬ್ಬಳು ಹೆದರುತ್ತಲೇ ತಂಬಿಗೆ ಮುಂದೆ ಹಿಡಿದಳಂತೆ. ಆ ಮನೆಯ ನೀರನ್ನು ಮೇಲಿನ ಜಾತಿಯವರು ಯಾರೂ ಮುಟ್ಟಿರಲಿಲ್ಲ. ಇವರು ಕಿಸೆಯ ಬಟ್ಟೆ ಹೊರತೆಗೆಯದೆ, ಸೋಸದೆಯೇ ಕುಡಿದು ಬಂದರು. ನಾನು ಬೈದೆ.

"ಆಕಿ ಮುಂದ ಬಟ್ಟಿ ಹ್ಯಾಂಗ ತಗೀಲಿ? ಹುಳ ಸೋಸಾಕತ್ತಾನ ಅಂತ ಆಕಿಗೆ ತಿಳೀತಿದ್ದಿಲ್ಲ. ತನ್ನ ಜಾತಿ ಸೋಸಾಕತ್ತಾನ ಅಂತಿದ್ಲು."

ಮರುವರ್ಷ ಅವರ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು ಒಡೆಯಿತು. ಬಿಳಿ ದಾರದ ತುದಿ ಕಂಡಾಗ ಅವರು ಹೆದರಲಿಲ್ಲ. ಇಡಿಯಾಗಿ ಬಂದರೆ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಇಡುವ ಸೀಸೆಗಾಯಿತು ಎಂದರು. ಜೋಳದ ದಂಟಿನ ಸೀಳಿಗೆ ದಿನಕ್ಕೆ ಎರಡು ಬೆರಳಷ್ಟು ಹುಳವನ್ನು ನಾನೇ ಸುತ್ತುತ್ತಿದ್ದೆ. "ಎಳೀಬ್ಯಾಡ. ಹರಿದ್ರ ಒಳಗ ಉಳಿದದ್ದು ನಂಜಾಗ್ತದ," ಎಂದು ದಿನವೂ ಹೇಳುತ್ತಿದ್ದರು. ಒಂಬತ್ತನೆಯ ದಿನ ದಾರ ಸಡಿಲವಾದಂತೆ ಅನಿಸಿತು. ಮುಗಿಯಿತೆಂದುಕೊಂಡು ತುಸು ಎಳೆದೆ. ಹರಿಯಿತು.

ಕಾಲು ತೊಡೆಯವರೆಗೆ ಬಾತಿತು. ಜ್ವರ ಇಳಿಯಲಿಲ್ಲ. ಕೊನೆಯ ದಿನ ಸೀಸೆಗೆ ಅಂಟಿಸುವ ಚೀಟಿ ನನ್ನ ಕೈಗೆ ಕೊಟ್ಟರು. "ತಾನ ಹರೀತು ಅಂತ ಬರಿ," ಎಂದರು. ಅವರು ನನ್ನಿಂದ ಬರೆಸಿದ ಸುಳ್ಳು ಅದೊಂದೇ.

ಸೀಸೆಯನ್ನು ಶಾಲೆಗೆ ಕೊಡಲಿಲ್ಲ. ಅದರಲ್ಲಿರುವುದು ಅರ್ಧ ಹುಳ. ಉಳಿದರ್ಧ ಅವರ ಜೊತೆ ಮಣ್ಣಿಗೆ ಹೋಯಿತು.