ಅಣ್ಣನ ಅಂಗಿಯ ಅಳತೆ

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಎಡೆ ಇಡುವಾಗ ಹೊಸ ಬಟ್ಟೆಯನ್ನೂ ಇಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ಮನೆಯವರೇ ಉಡುವುದು. ಹಿಮದ ಗಡಿಯ ಯುದ್ಧದಲ್ಲಿ ಸಿಪಾಯಿಯಾಗಿದ್ದ ಅಣ್ಣ ಹೋದಮೇಲೆ ಹರವೆಯ ನನ್ನ ತವರಿನಲ್ಲಿ ಅವನಿಗೂ ಅಂಗಿ ಇಡಬೇಕಾಯಿತು. ಎಲ್ಲರೂ ಹೋದವರ ಹಳೆಯ ಅಳತೆಗೇ ತರುತ್ತಾರೆ. ನಮ್ಮಮ್ಮ ಮಾತ್ರ ಹಾಗಲ್ಲ.

"ವಸಿ ದೊಡ್ಡ ಸೈಜ್ ಕೊಡಪ್ಪ. ಈಚ್ಗೆ ಒಟ್ಟೆ ಬಂದದೆ ಅವ್ನಿಗೆ," ಎಂದಳು ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ. ಬಿಳಿ ಅಂಗಿ ತೋರಿಸಿದರೆ ಪಕ್ಕಕ್ಕೆ ತಳ್ಳಿದಳು. "ಬ್ಯಾಡ, ಡ್ರಾಯಿಂಗ್ ಮೇಷ್ಟ್ರು. ಬಣ್ಣ ಮೆತ್ಕಂಡು ಬತ್ತನೆ."

ಅಮ್ಮನ ಲೆಕ್ಕದಲ್ಲಿ ಅಣ್ಣ ಸತ್ತಿರಲಿಲ್ಲ, ಮೇಷ್ಟ್ರಾಗಿದ್ದ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದು ಬರೀ ಹುಚ್ಚು ಲೆಕ್ಕವೂ ಅಲ್ಲ. ಇದ್ದಿಲು ಸಿಕ್ಕರೆ ಸಾಕು, ಅಣ್ಣ ಯಾವ ಗೋಡೆಯನ್ನೂ ಬಿಡುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಅವನು ಬರೆದ ಎತ್ತನ್ನು ಕಂಡು ನಮ್ಮ ಎತ್ತೇ ಕೊಂಬು ಆಡಿಸುತ್ತಿತ್ತು. ಆ ಗೋಡೆಗೆ ಅಪ್ಪ ಆಮೇಲೆ ಸುಣ್ಣ ಹೊಡೆಸಲಿಲ್ಲ.

ಹೀಗೆ ಅಣ್ಣ ವರ್ಷ ವರ್ಷವೂ ದಪ್ಪಗಾದ, ಚಾಮರಾಜನಗರಕ್ಕೆ ವರ್ಗವಾದ, ಕನ್ನಡಕ ಹಾಕಿಕೊಂಡ. ಅವನ ಅಂಗಿಯೊಳಗೆ ನಮ್ಮ ಬಡಕಲು ಅಪ್ಪ ಮುಳುಗಿಹೋಗುತ್ತಿದ್ದರು. ಅಮ್ಮ ಅವನ ಸುದ್ದಿ ಹೇಳುತ್ತಿದ್ದರೆ ಮನೆಯಲ್ಲಿ ನಗುವೋ ನಗು. ನನಗಂತೂ ಹಬ್ಬದಲ್ಲಿ ಅದೇ ಇಷ್ಟ.

ಒಂದು ವರ್ಷ ಅಂಗಿಯ ಪಕ್ಕ ಪುಟ್ಟ ಹಳದಿ ಫ್ರಾಕ್ ಇಟ್ಟಳು. ಅಣ್ಣನ ಮಗಳಿಗಂತೆ! ಅವನಿಗೆ ಮದುವೆಯೇ ಆಗಿರಲಿಲ್ಲ. ಅಪ್ಪ ರೇಗಿದರು. "ಎಡೆಗೆ ಸತ್ತೋರ ಬಟ್ಟೆ ಮಡಗದು ಕಣ. ತಗಿ ಅದ್ನ."

"ಅವ್ಳ ಹುಟ್ಟಕ್ಕೆ ಬುಟ್ಟಿದ್ರಲ್ವಾ, ಸಾಯದು ಬದ್ಕದು?" ಅಮ್ಮ ಫ್ರಾಕಿನ ಮೇಲೆ ಕೈಯಿಟ್ಟಳು.

ಇಷ್ಟು ದಿನ ಇದನ್ನು ಆಟ ಎಂದುಕೊಂಡಿದ್ದೆವು. ಈ ಫ್ರಾಕ್ ತೆಗೆಸಿಬಿಟ್ಟರೆ ಅವಳ ಪಾಲಿಗೆ ಮಗನ ಬದುಕು ಇಲ್ಲಿಗೇ ನಿಂತುಹೋಗುತ್ತದೆ ಎಂದು ನನಗೆ ಭಯವಾಯಿತು. ಅಪ್ಪ ಫ್ರಾಕನ್ನು ಅಲ್ಲೇ ಬಿಟ್ಟು ಕರ್ಪೂರ ಹಚ್ಚಿದರು.

ಫ್ರಾಕನ್ನು ನನ್ನ ಮಗಳು ತೊಟ್ಟಳು. "ನಿನ್ ಮಾವನ ಮಗಳ್ದು, ಜ್ವಾಪಾನ ಕಣಮ್ಮಿ," ಎಂದಿದ್ದಳು ಅಮ್ಮ. ಮುಂದಿನ ಪಕ್ಷದ ಹೊತ್ತಿಗೆ ಅದು ಮಗಳ ತಲೆಯಿಂದ ಕೆಳಗೇ ಇಳಿಯಲಿಲ್ಲ. ಎಳೆದು ತೆಗೆದು, ತನಗೆ ಬಂದ ಹಾಗೆ ಮಡಿಸಿ, ಅಜ್ಜಿಯ ತೊಡೆಯ ಮೇಲಿಟ್ಟಳು.

"ಅವ್ಳಿಗೂ ಚಿಕ್ಕದಾಗಿರ್ತದೆ ಅಜ್ಜಿ. ದೊಡ್ಡದು ತಕ್ಕೊಡು."

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಹೋಗಿ ಗೂಟದಲ್ಲಿದ್ದ ಕೈಚೀಲ ತಂದರು.

"ಗುಂಡ್ಲುಪೇಟೆ ಬಸ್ಸು ಓಯ್ತದೆ. ನಡೀರಿ, ಓಗನ."