ಒಂಟಿ ಕೋಣೆಯ ಅಧಿಕಾರ ಬಿಟ್ಟುಕೊಟ್ಟ ದೊಡ್ಡ ಸಾಹೇಬರು

ಕಾರಾಗೃಹ ಆಡಳಿತದಲ್ಲಿ ಶಿಸ್ತಿಗೆ ಹೆಸರಾದವರಿದ್ದಾರೆ, ಕರುಣೆಗೆ ಹೆಸರಾದವರೂ ಇದ್ದಾರೆ. ಆದರೆ ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಕಾನೂನು ಮಾಡಿ ಕಿತ್ತುಕೊಳ್ಳಿರೆಂದು ತಾವಾಗಿ ಕೇಳಿದವರು, ನಾವು ಕಂಡಂತೆ, ಈಗ ನಿವೃತ್ತರಾಗುತ್ತಿರುವ ನಮ್ಮ ಅಧೀಕ್ಷಕರೊಬ್ಬರೇ. ಕಾವಲುಗಾರರಿಂದ ಕೈದಿಗಳವರೆಗೆ ಎಲ್ಲರ ಬಾಯಲ್ಲೂ ಅವರು ‘ದೊಡ್ಡ ಸಾಹೇಬರು’.

ಕಿರಿಯ ಜೈಲರಾಗಿ ಸೇರಿದಾಗಿನಿಂದಲೂ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಓದು ಬಾರದ ಕೈದಿಗೆ ಮನೆಯ ಕಾಗದ ಓದಿ ಹೇಳಿ ಕಣ್ಣೊರೆಸಿಕೊಂಡವರೇ, ಸಿಟ್ಟು ನೆತ್ತಿಗೇರಿದರೆ ಅವನನ್ನೇ ಒಂಟಿ ಕೋಣೆಗೆ ಹಾಕಿಸಿ, ಮನೆಗೆ ಹೋಗಿ ಊಟ ಬಿಟ್ಟು ಕೂರುತ್ತಿದ್ದರು. “ಅವನನ್ನ ಒಳಗೆ ಹಾಕಿ ನೀವ್ಯಾಕೆ ಉಪವಾಸ? ಹೋಗಿ ಬಾಗಿಲು ತೆಗೆಸಿ” ಎಂದು ಮಡದಿ ಗದರುತ್ತಿದ್ದರು. ಹೋಗಲು ಅಭಿಮಾನ ಬಿಡುತ್ತಿರಲಿಲ್ಲ.

ಕಾರಾಗೃಹ ಸುಧಾರಣಾ ಮಸೂದೆ ಶಾಸನಸಭೆಗೆ ಬಂದಾಗ, ಒಂಟಿ ಕೋಣೆಯ ಶಿಕ್ಷೆಯನ್ನು ಹೊರಗಿನವರ ಮಂಡಳಿಯೊಂದು ವಿಚಾರಿಸಿ ರದ್ದುಮಾಡಬಹುದೆಂಬ ಕಲಮಿಗೆ ಇಲಾಖೆಯೇ ಅಡ್ಡ ನಿಂತಿತು. ಸದನ ಸಮಿತಿಯ ಮುಂದೆ ಅಭಿಪ್ರಾಯ ಹೇಳಲು ಹೋದ ಸಾಹೇಬರು, “ಇದು ಇರ್ಲಿ. ನನ್ನ ಸಿಟ್ಟಿನ ಮೇಲೆ ಇನ್ನೊಬ್ಬರ ಕಣ್ಣಿರ್ಬೇಕು” ಎಂದುಬಿಟ್ಟರು. ಕಲಮು ಉಳಿಯಿತು, ಕೈಗೆ ಬಂದಿದ್ದ ಬಡ್ತಿ ತಪ್ಪಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ ಮನುಷ್ಯನೆಂದು ಸಹೋದ್ಯೋಗಿಗಳು ನಕ್ಕರು.

ಕಾನೂನು ಜಾರಿಯಾಗಿ ಮಂಡಳಿಗೆ ಬಂದ ಮೊದಲ ದೂರೇ ಸಾಹೇಬರ ಮೇಲೆ! ಊಟದ ಸಾಲಿನಲ್ಲಿ ಎದುರುತ್ತರ ಕೊಟ್ಟ ಕೈದಿಯೊಬ್ಬನನ್ನು ಅವರು ಒಂಟಿ ಕೋಣೆಗೆ ಹಾಕಿಸಿದ್ದರು. ಅವನನ್ನು ನೋಡಲು ದೂರದಿಂದ ಬಂದ ತಾಯಿ, ಭೇಟಿ ಸಿಗದೆ, ಮಂಡಳಿಯ ಮೊರೆಹೊಕ್ಕಿದ್ದರು. “ಅವನು ಕೈ ಎತ್ತಿದ ಅಂತ ನಾವು ಹೇಳ್ತೀವಿ ಸಾರ್, ನೀವು ಸುಮ್ನಿರಿ” ಎಂದರು ಕಾವಲುಗಾರರು. ಸೇವಾವಧಿಯ ಕೊನೆಯಲ್ಲಿ ದಾಖಲೆಗೆ ಕಪ್ಪುಚುಕ್ಕೆ ಬೀಳುವುದು ಯಾರಿಗೆ ಬೇಕು? ಸಾಹೇಬರು ಮಂಡಳಿಯ ಮುಂದೆ ಹೋಗಿ ಕೂತರು.

ಮಂಡಳಿಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ನೇರವಾಗಿಯೇ ಕೇಳಿದರು: “ಅವನು ಕೈ ಎತ್ತಿದ್ನಾ?”

“ಇಲ್ಲಮ್ಮ. ಬೇಳೆ ಬೆಂದಿಲ್ಲ ಅಂತ ಜೋರಾಗಿ ಅಂದ, ಅಷ್ಟೆ. ನಿಜವಾಗ್ಲೂ ಬೆಂದಿರ್ಲಿಲ್ಲ.”

ಶಿಕ್ಷೆ ರದ್ದಾಯಿತು, ಸಾಹೇಬರಿಗೆ ಲಿಖಿತ ಎಚ್ಚರಿಕೆ ಬಂತು. ಕಾವಲುಗಾರನನ್ನು ಕಳಿಸದೆ ತಾವೇ ಹೋಗಿ ಬೀಗ ತೆಗೆದರು. ಇನ್ನೇನು ಗ್ರಹಚಾರವೋ ಎಂದು ಗೋಡೆಗೆ ಆತುಕೊಂಡವನಿಗೆ, “ಬಾರಪ್ಪ, ನಿಮ್ಮಮ್ಮ ಕಾಯ್ತಿದ್ದಾರೆ. ತಪ್ಪು ನಂದು” ಎಂದರು.

ಹೊಸ ಜೈಲರುಗಳಿಗೆ ಪಾಠ ಹೇಳಲು ಅವರು ಒಪ್ಪಿದ್ದಾರೆಂಬುದು ನಮ್ಮ ಭಾಗ್ಯ. ಆಯುರಾರೋಗ್ಯಗಳು ಅವರಿಗೆ ತುಂಬಿ ಬರಲಿ. ತಾವು ಸೋತ ಆ ದಿನವನ್ನೇ ಮೊದಲ ಪಾಠವಾಗಿ ಬಹುಕಾಲ ಹೇಳುತ್ತಿರಲಿ. ಅದನ್ನು ಕೇಳಿದ ಒಬ್ಬ ಜೈಲರಾದರೂ, ಸಿಟ್ಟು ಏರಿದ ಹೊತ್ತಿನಲ್ಲಿ, ಬೀಗ ಹಾಕಹೊರಟ ಕೈಯನ್ನು ಹಿಂದೆಗೆದುಕೊಳ್ಳಲಿ.