ನಿಂಗಮ್ಮ ಕೇಳುತ್ತಿದ್ದ ಮಾತು

ಹರಳೆಣ್ಣೆ ಕಾಯುವ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ಹಿಡಿದ ಕೆಲಸ ಬಿಟ್ಟು ಕೂತುಬಿಡುತ್ತೇನೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ನನಗದು ಸೂಲಗಿತ್ತಿ ನಿಂಗಮ್ಮನ ಕೈಯದು. ಬೆಳಕವಾಡಿ ಪಕ್ಕದ ನಮ್ಮೂರಿನಲ್ಲಿ ನನ್ನ ಓರಗೆಯವರೆಲ್ಲ ಆ ಕೈಯಲ್ಲೇ ಹುಟ್ಟಿದವರು. ಅವಳಿಗೊಂದು ರೂಢಿಯಿತ್ತು. ಬಿಸಿ ಎಣ್ಣೆ ಹಚ್ಚಿ ಅಂಗೈ ಬೆಚ್ಚಗೆ ಮಾಡಿಕೊಂಡು, ಬಸುರಿಯ ಮುಖ ನೋಡಿ, "ಮುಟ್ಲಾ, ತಾಯಿ?" ಎಂದು ಕೇಳುತ್ತಿದ್ದಳು. "ಊಂ" ಅನ್ನುವವರೆಗೂ ಕೈ ಮುಂದೆ ಹೋಗುತ್ತಿರಲಿಲ್ಲ. ಪ್ರತಿ ನೋವಿಗೂ ಮತ್ತೆ ಕೇಳಬೇಕು. ನಮ್ಮಜ್ಜಿಗೆ ಇದು ನಗೆ. "ಹೆರೋಳ್ನ ಏನ್ ಕೇಳೀಯೇ ನಿಂಗಿ, ಅವಳೇನ್ ದೊರೆ ಮಗಳಾ?"

"ನೋವು ಅವಳ್ದು ಕಣಮ್ಮ, ನಂದಲ್ಲ" ಅನ್ನುತ್ತಿದ್ದಳು ನಿಂಗಮ್ಮ.

ನನಗೆ ಏಳು ತುಂಬಿದ ವರ್ಷ ಅವ್ವನಿಗೆ ಎರಡನೆಯ ಹೆರಿಗೆ. ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನವಾದರೂ ಒಂದು ದಾರಿಗೆ ಬರಲಿಲ್ಲ. ನಿಂಗಮ್ಮ ಹೊಟ್ಟೆ ಸವರಿ, "ಕೂಸು ಅಡ್ಡ ಅದೆ. ಗಾಡಿ ಕಟ್ಸಿ, ಮಳವಳ್ಳಿ ಆಸ್ಪತ್ರೆಗೆ ಓಗಾನ" ಎಂದಳು. ಅಜ್ಜಿ ರೇಗಿದಳು. "ಕೇಳ್ಕಂಡು ಕೇಳ್ಕಂಡು ಹೊತ್ತು ಕಳ್ದೆ. ಕೈಲಾಗ್ದಿದ್ರೆ ಬುಡು. ನಮ್ ಸೊಸೇನ ಗಂಡು ಡಾಕ್ಟ್ರ ಮುಂದೆ ಮನಗಿಸ್ಬೇಕಾ?" ನಿಂಗಮ್ಮನನ್ನು ಹೊರಗೆ ಕಳಿಸಿ ಬಾಗಿಲಿಗೆ ಅಗಳಿ ಹಾಕಿದಳು. ಗಟ್ಟಿ ಕೈಯವಳೆಂದು ಹೆಸರಾದ ಇನ್ನೊಬ್ಬ ಸೂಲಗಿತ್ತಿಯನ್ನು ಹಿತ್ತಿಲ ಕಡೆಯಿಂದ ಕರೆಸಿದಳು. ಆಕೆ ಏನನ್ನೂ ಕೇಳಲಿಲ್ಲ. ಹೊಟ್ಟೆಯ ಮೇಲೆ ಮೊಣಕಾಲೂರಿ ಒತ್ತಿದಳು. "ಬ್ಯಾಡ, ಬ್ಯಾಡ ಕಣತ್ತೆ" ಎಂದು ಅವ್ವ ಕೂಗುತ್ತಿದ್ದಳು. ಜಗಲಿಯಿಂದ ನಿಂಗಮ್ಮ ಬಾಗಿಲು ಬಡಿಯುತ್ತಲೇ ಇದ್ದಳು. ಒಳಗೇ ಇದ್ದ ನನ್ನ ಕೈಗೆ ಅಗಳಿ ಎಟುಕುತ್ತಿತ್ತು. ಅಜ್ಜಿಗೆ ಹೆದರಿ ನಾನು ತೆಗೆಯಲಿಲ್ಲ. ಆ ಪಾಪ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕೂಗು ನಿಂತಾಗ ಅಜ್ಜಿಯೇ ಬಾಗಿಲು ತೆಗೆದಳು. ಅಪ್ಪ ಗಾಡಿ ಕಟ್ಟಿದ. ನಾಲೆಯ ಸೇತುವೆ ದಾಟುವ ಮೊದಲೇ ಅವ್ವ ಹೋದಳು, ಕೂಸು ಹೊಟ್ಟೆಯಲ್ಲೇ ಉಳಿಯಿತು.

ತಂದು ನಡುಮನೆಯಲ್ಲಿ ಮಲಗಿಸಿದರು. ಮೈ ತೊಳೆಯಲು ನೀರು ಕಾಯಿಸಿದರು, ಆದರೆ ಮನೆಯ ಹೆಂಗಸರಲ್ಲಿ ಯಾರಿಗೂ ಕೈ ಬರಲಿಲ್ಲ. ನಿಂಗಮ್ಮ ಕೂತಳು. ಎಣ್ಣೆಯಲ್ಲಿ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅವ್ವನ ಮುಖ ನೋಡಿದಳು.

"ಮುಟ್ಲಾ, ತಾಯಿ?"

ಯಾವತ್ತಿನಂತೆ ಕಾದಳು. ಈ ಸಲ ಯಾರೂ ನಗಲಿಲ್ಲ. ಅಜ್ಜಿ ಅವ್ವನ ತಲೆಯ ಬಳಿ ಕುಸಿದು, ಗಲ್ಲ ಹಿಡಿದು ಬೇಡತೊಡಗಿದಳು. "ಊಂ ಅನ್ನೇ ನನ್ ಮಗ್ಳೇ. ಒಂದ್ಸಲ ಊಂ ಅನ್ನೇ."

ನಿಂಗಮ್ಮನ ಕೈ ಮುಂದೆ ಹೋಗಲಿಲ್ಲ. ಹಂಡೆಯ ನೀರು ಆರುತ್ತಾ ಬಂತು.